ನಡೆಯಲು ಒಳ್ಳೆಯ ಹೊತ್ತು

ಜೂನ್ 3, ಸೋಮವಾರ. ಸಂಜೆ

ಟೈಮ್‌ಟೇಬಲ್‌ನ ಮೂರನೇ ಕರಡು ಮುಗಿಯಿತು. ವಿಜ್ಞಾನದ ಮೇಡಂ ಒಂದೇ ಹೊತ್ತಿಗೆ ಎರಡು ತರಗತಿಯಲ್ಲಿದ್ದರು, ಸರಿಪಡಿಸಿದೆ. ಗಣಿತಕ್ಕೆ ಎರಡು ಪೀರಿಯಡ್ ಕಡಿಮೆ ಬಿತ್ತು. ಪಿ.ಟಿ.ಯಿಂದ ಕಿತ್ತುಕೊಂಡೆ, ಪ್ರತಿ ವರ್ಷದ ಹಾಗೆ. ಪಿ.ಟಿ. ಮೇಷ್ಟ್ರು — ಮಕ್ಕಳ ಬಾಯಲ್ಲಿ ಪೀಪಿ ಸರ್ — ಜಗಳಕ್ಕೆ ಬರಲಿಲ್ಲ. ಕತ್ತಿನಲ್ಲಿದ್ದ ಪೀಪಿಯನ್ನು ನನ್ನ ಕಿವಿಯ ಹತ್ತಿರ ಒಮ್ಮೆ ಮೆಲ್ಲಗೆ ಊದಿ ಹೋದರು.

ಇಡೀ ಶಾಲೆಗೆ ಹೊತ್ತು ಹೊಂದಿಸಿ ಕೊಡುವವನು ನಾನು. ನನ್ನೊಬ್ಬನ ನಡಿಗೆಗೆ ಹೊತ್ತು ಹೊಂದುತ್ತಿಲ್ಲ.

ಡಾಕ್ಟರು ಹೇಳಿ ಹತ್ತು ದಿನವಾಯಿತು. ಅಕ್ಕನಿಗೆ ನನ್ನ ಕಿಡ್ನಿ ಹೊಂದುತ್ತದೆ. ಭಾವನದು ಬೇರೆ ರಕ್ತದ ಗುಂಪು. ಇನ್ನು ಯಾರೂ ಇಲ್ಲ. ಎಲ್ಲ ಪರೀಕ್ಷೆಯಲ್ಲೂ ಪಾಸು, ತೂಕದಲ್ಲಿ ಫೇಲು. ಎಂಟು ಕೆಜಿ ಇಳಿಸಿಕೊಂಡು ಬಂದರೆ ಆಪರೇಷನ್‌ಗೆ ದಿನ ಕೊಡುತ್ತಾರಂತೆ. ಅಲ್ಲಿಯವರೆಗೆ ಅಕ್ಕನಿಗೆ ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್.

“ಯಾವ ಹೊತ್ತಲ್ಲಿ ವ್ಯಾಯಾಮ ಮಾಡಿದ್ರೆ ಒಳ್ಳೇದು ಡಾಕ್ಟ್ರೇ? ಬೆಳಿಗ್ಗೇನಾ, ಸಂಜೇನಾ?” ಎಂದು ಕೇಳಿದೆ.

“ನೀವು ಮಾಡೋ ಹೊತ್ತೇ ಒಳ್ಳೇ ಹೊತ್ತು” ಎಂದು ನಕ್ಕರು.

ಇದು ಉತ್ತರವೇ? ಮಕ್ಕಳು ಹೀಗೆ ಬರೆದರೆ ಸೊನ್ನೆ ಹಾಕುತ್ತೇನೆ.

ಜೂನ್ 6, ಗುರುವಾರ

ಫೋನಿನಲ್ಲಿ ಓದಿದ್ದೇ ಓದಿದ್ದು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನಡೆದರೆ ಕೊಬ್ಬು ಕರಗುತ್ತದೆ ಎನ್ನುವವರು ಒಂದಷ್ಟು ಜನ. ಬೆಳಿಗ್ಗೆ ಮೈ ಬಿಗಿದಿರುತ್ತದೆ, ಸಂಜೆಯೇ ವಾಸಿ ಎನ್ನುವವರು ಇನ್ನೊಂದಷ್ಟು. ಸಂಜೆ ಮಾಡಿದರೆ ನಿದ್ದೆ ಕೆಡುತ್ತದಂತೆ. ಬೆಳಿಗ್ಗೆ ಮಾಡಿದರೆ ಎದೆಗೆ ಒಳ್ಳೆಯದಲ್ಲವಂತೆ. ಒಬ್ಬೊಬ್ಬರದು ಒಂದೊಂದು ಪುರಾಣ.

ದೊಡ್ಡ ಹಾಳೆ ತೆಗೆದು ನನ್ನ ವಾರದ ಚಾರ್ಟ್ ಬರೆದೆ. ಬೆಳಿಗ್ಗೆಗೆ ಹಸಿರು, ಸಂಜೆಗೆ ಕಿತ್ತಳೆ. ಚೆನ್ನಾಗಿ ಬಂತು. ಅಕ್ಕನಿಗೆ ತೋರಿಸಲು ಕೆಳಗೆ ಹೋದೆ. ಮಹಡಿ ಮೇಲೆ ನಾನು, ನನ್ನ ಹೆಂಡತಿ. ಕೆಳಗೆ ಅಕ್ಕ ಭಾವ. ಬೀದಿ ಕಡೆಯ ಕೋಣೆಯೇ ಅಕ್ಕನ ಹೊಲಿಗೆ ಅಂಗಡಿ. ನನ್ನ ಹೆಂಡತಿ, ಇವಳು, ನನ್ನ ಶಾಲೆಯ ಪ್ಯಾಂಟುಗಳನ್ನು ಇಸ್ತ್ರಿಗೆ ಅಲ್ಲಿಗೇ ಕೊಡುತ್ತಾಳೆ, ಅಂಗಡಿಯ ಭಾರದ ಪೆಟ್ಟಿಗೆಯಲ್ಲಿ ಗೆರೆ ನಿಲ್ಲುತ್ತದೆಂದು. ಅಕ್ಕ ಈಗ ಡಯಾಲಿಸಿಸ್ ಇಲ್ಲದ ದಿನ ಮಾತ್ರ ಮೆಷಿನ್ ಮುಂದೆ ಕೂರುತ್ತಾಳೆ. ಇವತ್ತು ಆಸ್ಪತ್ರೆಯಿಂದ ಬಂದು ಮಲಗಿದ್ದಳು. ಮುಖ ಸುಣ್ಣದ ಹಾಗೆ. ಚಾರ್ಟನ್ನು ಎತ್ತಿ ಹಿಡಿದು ನೋಡಿದಳು.

“ಏನೋ ಇದು, ನಡೆಯೋಕೂ ಮುಹೂರ್ತ ಇಡ್ತಿದ್ದೀಯಾ?”

“ಎಲ್ಲ ಲೆಕ್ಕಾಚಾರ ಮಾಡಿ ಶುರು ಮಾಡಿದ್ರೆ ನಿಲ್ಲಲ್ಲ ಅಕ್ಕ.”

“ಸರಿ ಸರಿ. ಬಣ್ಣ ಮಾತ್ರ ಚೆನ್ನಾಗಿದೆ” ಎಂದಳು. ಕಣ್ಣು ಮುಚ್ಚಿಕೊಂಡಳು.

ಜೂನ್ 10, ಸೋಮವಾರ. ಬೆಳಿಗ್ಗೆ 7

ಹಸಿರು ಪ್ರಯೋಗ. ಹೊಸ ಶೂ, ಬಿಳಿ. ಪಾರ್ಕಿಗೆ ಹೋದೆ.

ಬೆಳಿಗ್ಗೆ ಪಾರ್ಕಿನಲ್ಲಿ ನಡೆಯುವವರೆಲ್ಲ ಮೊದಲೇ ತೆಳ್ಳಗಿದ್ದಾರೆ. ಅವರು ಯಾಕೆ ಬರುತ್ತಾರೋ! ಒಬ್ಬ ಅಜ್ಜ ಅಜ್ಜಿ ಕೈ ಹಿಡಿದುಕೊಂಡು ನನ್ನನ್ನು ಹಿಂದೆ ಹಾಕಿ ಹೋದರು. ಇನ್ನೊಂದು ಸುತ್ತು ಬಂದು ಮತ್ತೆ ಹಿಂದೆ ಹಾಕಿದರು. ಅಜ್ಜಿ ತಿರುಗಿ ನೋಡಿ ಪಾಪ ಎನ್ನುವ ಹಾಗೆ ನಕ್ಕಿತು. ಬನಿಯನ್ ಹೊಟ್ಟೆಯ ಮೇಲೆ ಏರುತ್ತಿತ್ತು, ಎಳೆಯುವುದೇ ಕೆಲಸ. ಏಳನೇ ತರಗತಿ ಹುಡುಗಿಯೊಬ್ಬಳ ಅಪ್ಪ ಸಿಕ್ಕಿ “ಓಹೋ, ಸರ್, ನೀವೂನಾ!” ಎಂದರು. ಆ ‘ನೀವೂ’ ಮನೆಯವರೆಗೂ ಹಿಂದೆ ಬಂತು.

ಬೆಳಿಗ್ಗೆ ನನ್ನ ಮೈಗೆ ಒಗ್ಗುವುದಿಲ್ಲ ಎಂದು ಕಾಣುತ್ತದೆ.

ಜೂನ್ 13, ಗುರುವಾರ

ಕಿತ್ತಳೆ. ಸಂಜೆ ನಮ್ಮ ಬೀದಿಯ ಹಿಂದಿನ ರಸ್ತೆಯಲ್ಲಿ ಹೋದೆ. ಬೇಗ ಬೇಗ ಕಾಲು ಹಾಕಿದೆ. ತಿರುವಿನಲ್ಲಿ ಮಕ್ಕಳು ಚೆಂಡಾಡುತ್ತಿದ್ದರು, ನಮ್ಮ ಶಾಲೆಯವೇ. ಆಟ ನಿಂತಿತು. “ಡಬಲ್ ಪೀರಿಯಡ್ ಓಡ್ತಿದೆ ನೋಡ್ರೋ!” — ಅದು ನನಗಿಟ್ಟ ಹೆಸರು, ಗೊತ್ತಿದೆ. ಗಣಿತ ಎರಡು ಪೀರಿಯಡ್ ಒಟ್ಟಿಗೆ ತೆಗೆದುಕೊಳ್ಳುತ್ತೇನೆ, ಮೈಯಲ್ಲೂ ಇಬ್ಬರಷ್ಟಿದ್ದೇನೆ. ಕೇಳಿಸದವನ ಹಾಗೆ ಪಕ್ಕದ ಅಂಗಡಿಗೆ ನುಗ್ಗಿದೆ. ನುಗ್ಗಿದ ಮೇಲೆ ಏನಾದರೂ ಕೊಳ್ಳಬೇಕಲ್ಲ. ಬಿಸ್ಕತ್ತು ಕೊಂಡೆ.

ಜೂನ್ 17, ಸೋಮವಾರ

ಮನೆಯೊಳಗೆ ಹಗ್ಗ ಜಿಗಿದೆ. ಯಾರೂ ನೋಡುವುದಿಲ್ಲ ಎಂದು. ಕೆಳಗಿನಿಂದ ಅಕ್ಕ ಕೂಗಿದಳು: “ಲೋ! ಗಿರಾಕಿ ತಲೆ ಮೇಲೆ ಸುಣ್ಣ ಉದುರ್ತಿದೆ! ಮನೆ ಬೀಳ್ಸಿ ಕಿಡ್ನಿ ಕೊಡ್ತೀಯಾ?”

ಗಿರಾಕಿ ಹೆಂಗಸು ಜೋರಾಗಿ ನಕ್ಕದ್ದು ಕೇಳಿಸಿತು. ಇವಳೂ ನಕ್ಕಳು. ಹಗ್ಗ ಸುತ್ತಿ ಇಟ್ಟೆ.

ಇನ್ನು ಮೀನಮೇಷ ಎಣಿಸುವುದು ಬೇಡ. ಬೆಳಿಗ್ಗೆ ಐದೂವರೆ. ಅಜ್ಜ ಅಜ್ಜಿಯೂ ಏಳದ ಹೊತ್ತು. ಹಾಳೆಯ ಮೇಲೆ ಕೆಂಪಿನಲ್ಲಿ ಬರೆದೆ, ಎರಡು ಗೆರೆ ಎಳೆದೆ.

ಜೂನ್ 25, ಮಂಗಳವಾರ

ಐದೂವರೆಗೆ ಹೊರಟೆ. ಪಾರ್ಕಿನ ಗೇಟಿನವರೆಗೂ ಹೋದೆ. ಆ ಅಜ್ಜ ಅಜ್ಜಿ ಆಗಲೇ ಅಲ್ಲಿದ್ದರು. ಯಾವಾಗ ಮಲಗುತ್ತಾರೆ ಇವರು?

ಕಾಲು ತಾನಾಗಿ ಶಾಲೆ ಕಡೆ ತಿರುಗಿತು. ಸ್ಟಾಫ್ ರೂಮಿನ ಕೀ ನನ್ನ ಹತ್ತಿರವೇ ಇರುತ್ತದೆ, ಕಾರಿನ ಕೀ ಜೊತೆ ಒಂದೇ ಗೊಂಚಲಿನಲ್ಲಿ. ಒಳಗೆ ಹೋಗಿ ಕೂತೆ. ಫ್ಯಾನ್ ಹಾಕಿಕೊಂಡೆ. ಡ್ರಾಯರ್‌ನಲ್ಲಿ ಬಿಸ್ಕತ್ತು ಇತ್ತು. ಸುಮ್ಮನೆ ಕೂರುವುದೇಕೆ ಎಂದು ಟೈಮ್‌ಟೇಬಲ್ ತಿದ್ದಿದೆ. ಹಿತವಾಗಿತ್ತು, ಇದ್ದದ್ದು ಇದ್ದ ಹಾಗೆ ಬರೆಯಬೇಕೆಂದರೆ. ಬರುವಾಗ ನಲ್ಲಿಯಲ್ಲಿ ಮುಖಕ್ಕೆ, ಕತ್ತಿಗೆ ನೀರು ಚಿಮುಕಿಸಿಕೊಂಡೆ.

“ಎಷ್ಟು ಸುತ್ತು ಹಾಕಿದ್ರಿ?” ಇವಳು ಕೇಳಿದಳು.

“ನಾಲ್ಕು.”

ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ನಾಳೆಯಿಂದ ನಿಜವಾಗಿ ಹೋದರೆ ಆಯಿತು.

ಜುಲೈ 1, ಸೋಮವಾರ

ಆರು ಸುತ್ತಾಗಿದೆ, ಬಾಯಲ್ಲಿ.

ಫೋನ್ ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ನಡೆಯುವಾಗ ಮನಸ್ಸು ಶಾಂತವಾಗಿರಬೇಕು ಎಂದು ಹೇಳಿದ್ದೇನೆ. ಇವಳು ಅದನ್ನೂ ನಂಬಿದಳು.

ಇವತ್ತು ಮೆಟ್ಟಿಲಿಳಿದಾಗ ಅಕ್ಕನ ಬಾಗಿಲು ತೆಗೆದಿತ್ತು. ಗೋಡೆ ಹಿಡಿದುಕೊಂಡು ನಿಂತಿದ್ದಳು, ಕೈಯಲ್ಲಿ ದೊಡ್ಡ ಲೋಟ.

“ಬಿಸಿನೀರು ಕುಡ್ಕೊಂಡು ಹೋಗು. ಬರಿಹೊಟ್ಟೇಲಿ ನಡೆದ್ರೆ ತಲೆ ಸುತ್ತತ್ತೆ.”

ಲೋಟದ ತುಂಬ ನೀರು. ಅವಳಿಗೆ ಇಡೀ ದಿನಕ್ಕೆ ಒಂದು ಪುಟ್ಟ ಬಾಟಲಿಯಷ್ಟೇ. ಹೆಚ್ಚಾದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಬಾಯಿ ಒಣಗಿದರೆ ಐಸ್ ಚೂರು ಚೀಪುತ್ತಾಳೆ. ನಾನು ಕುಡಿಯುವುದನ್ನು ನೋಡುತ್ತ ನಿಂತಳು. ನೀರು ಗಂಟಲಲ್ಲಿ ಇಳಿಯುವುದನ್ನೇ ನೋಡುತ್ತಿದ್ದಳು. ಕೊನೆಯ ಗುಟುಕಿನವರೆಗೂ ಕುಡಿದೆ, ಬಿಡುವುದಕ್ಕೆ ಆಗಲಿಲ್ಲ.

“ಹಾಂ, ಹೋಗು” ಎಂದಳು. ಹೋದೆ. ಸ್ಟಾಫ್ ರೂಮಿಗೆ.

ಥೂ. ಎಂಥ ಜನ್ಮ.

ಜುಲೈ 4, ಗುರುವಾರ

ಬರೆದುಬಿಡುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ. ಆದರೂ ಒಂದು ತಿಂಗಳಿಂದ ಇಲ್ಲೂ ಬೆಳಿಗ್ಗೆ-ಸಂಜೆ ಎಂದು ಕತೆ ಹೊಡೆದುಕೊಂಡು ಬಂದೆ.

ನನಗೆ ಹೆದರಿಕೆ. ಅಷ್ಟೇ ವಿಷಯ.

ಮೊದಲ ಸಲ ಆಸ್ಪತ್ರೆಗೆ ಹೋದಾಗ ಕೌನ್ಸೆಲರ್ ಮೇಡಂ ನನ್ನನ್ನು ಒಬ್ಬನನ್ನೇ ಒಳಗೆ ಕರೆದು ಬಾಗಿಲು ಹಾಕಿದ್ದರು. “ನಿಮ್ಗೆ ಇಷ್ಟ ಇಲ್ಲ ಅಂದ್ರೆ ನನ್ ಹತ್ರ ಹೇಳಿ ಸಾಕು. ಮನೆಯವರಿಗೆ ಕಾರಣ ಹೇಳಲ್ಲ. ದಾನಿ ಆಗೋಕೆ ಬರಲ್ಲ ಅಂತ ಮಾತ್ರ ಹೇಳ್ತೀವಿ. ಯಾರೂ ನಿಮ್ಮನ್ನ ಬೊಟ್ಟು ಮಾಡಿ ತೋರ್ಸಲ್ಲ.” ಮೇಜಿನ ಮೇಲೆ ಪ್ಲಾಸ್ಟಿಕ್ ಕಿಡ್ನಿ ಇತ್ತು. ಅದನ್ನು ಎರಡು ಭಾಗ ಮಾಡಬಹುದಿತ್ತು, ಡಬ್ಬಿಯ ಮುಚ್ಚಳದ ಹಾಗೆ. ನನ್ನ ಬಲಪಕ್ಕೆಯೊಳಗೆ ಏನೋ ತಣ್ಣಗಾಯಿತು.

“ಅಯ್ಯೋ, ನನ್ನ ಅಕ್ಕ ಮೇಡಂ! ಇಷ್ಟ ಇಲ್ಲದೆ ಏನು?” ಎಂದೆ. ಎದೆ ಬೇರೆ ತಟ್ಟಿಕೊಂಡೆ.

ಬೇಡ ಎನ್ನಲು ಮರ್ಯಾದೆಯ ದಾರಿ ಇತ್ತು. ಅದರಲ್ಲಿ ಹೋಗಲಿಲ್ಲ. ಒಳ್ಳೆಯ ತಮ್ಮ ಅನ್ನಿಸಿಕೊಳ್ಳಬೇಕು, ಚಾಕುವೂ ಬೀಳಬಾರದು. ಅದಕ್ಕೆ ಹೊಟ್ಟೆಯನ್ನು ಮುಂದೆ ಮಾಡಿಕೊಂಡು ಅದರ ಹಿಂದೆ ನಿಂತಿದ್ದೇನೆ. ತೂಕ ಇಳಿಯದಿದ್ದರೆ ಪಾಪ, ಅವನೇನು ಮಾಡಿಯಾನು, ದಿನಾ ಐದೂವರೆಗೆ ಏಳುತ್ತಾನೆ… ಇದನ್ನೇ ಎಲ್ಲರ ಬಾಯಲ್ಲಿ ಕೇಳಬೇಕು ನನಗೆ.

ಬರೆದ ಮೇಲೆ ಹಗುರಾಗುತ್ತದೆ ಎನ್ನುತ್ತಾರೆ. ಆಗಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಗಿದೆ.

ಜುಲೈ 8, ಸೋಮವಾರ

ವಿಚಿತ್ರ! ಬೂದು ಪ್ಯಾಂಟ್ ಸಡಿಲವಾಗಿದೆ. ಬೆಲ್ಟ್ ಬಿಟ್ಟು ಎಷ್ಟೋ ಕಾಲವಾಯಿತು, ಹೊಟ್ಟೆಯೇ ಹಿಡಿದುಕೊಳ್ಳುತ್ತಿತ್ತು. ಇವತ್ತು ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಎಲ್ಲೂ ಬಿಗಿಯಲಿಲ್ಲ. ಕಳೆದ ವಾರ ಗುಂಡಿ ಹಾಕಲು ಉಸಿರು ಹಿಡಿಯಬೇಕಿತ್ತು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಡಂ ಕೂಡ “ಸರ್, ಇಳಿದಿದ್ದೀರಲ್ಲ!” ಎಂದರು. ಬೆಳಿಗ್ಗೆ ಬೇಗ ಏಳುವುದರಿಂದಲೇ ಇರಬೇಕು. ಶಾಲೆಯವರೆಗಿನ ನಡಿಗೆಯೂ ನಡಿಗೆಯೇ ತಾನೇ. ಇಲ್ಲವೇ ಚಿಂತೆ. ಚಿಂತೆ ಮಾಡಿದರೆ ಕರಗುತ್ತಾರೆ.

ಕುಣಿಯುವಷ್ಟು ಖುಷಿಯಾಯಿತು. ಮರುಕ್ಷಣವೇ ಇನ್ನೊಂದು ಹೊಳೆಯಿತು. ನಿಜವಾಗಿ ಇಳಿದುಬಿಟ್ಟರೆ?

ಜುಲೈ 11, ಗುರುವಾರ

ಸಿಕ್ಕಿಬಿದ್ದೆ.

ಆರು ಗಂಟೆಗೆ ಪೀಪಿ ಸರ್ ಸ್ಟಾಫ್ ರೂಮಿಗೆ ಬಂದರು. ಮೈದಾನಕ್ಕೆ ಸುಣ್ಣದ ಗೆರೆ ಹಾಕುವುದಿತ್ತಂತೆ, ಸುಣ್ಣದ ಚೀಲ ಅಲ್ಲಿತ್ತು. ನಾನು ಬಿಳಿ ಶೂ ಹಾಕಿಕೊಂಡು, ಕಾಲು ಇನ್ನೊಂದು ಕುರ್ಚಿಯ ಮೇಲೆ ಚಾಚಿಕೊಂಡು, ಬಿಸ್ಕತ್ತು ಬಾಯಲ್ಲಿ. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

“ನಿಮ್ಮ ಅಕ್ಕ ಮೊನ್ನೆ ಸಿಕ್ಕಿದ್ರು” ಎಂದರು. “ತಮ್ಮ ದಿನಾ ಪಾರ್ಕಿಗೆ ಹೋಗ್ತಾನೆ ಅಂದ್ರು.”

“ಇವತ್ತೊಂದು ದಿನ ಸುಸ್ತು ಅಂತ…”

“ಅಲ್ಲ ಮೇಷ್ಟ್ರೇ, ನನ್ನ ಪೀರಿಯಡ್ ಕಿತ್ಕೊಂಡು ನೀವು ಗಣಿತ ಮಾಡ್ತೀರಿ. ನಿಮ್ಮ ಪಿ.ಟಿ. ಪೀರಿಯಡ್ ಕಿತ್ಕೊಂಡು ಬಿಸ್ಕತ್ ತಿಂತೀರಿ. ಬನ್ನಿ, ದಾರ ಹಿಡೀರಿ, ನಾನು ಗೆರೆ ಹಾಕ್ತೀನಿ.”

ಕೆಲಸವಿದೆ ಎಂದೆ. ಅವರು ಚೀಲ ಹೆಗಲಿಗೆ ಹಾಕಿಕೊಂಡು ಹೋದರು. ಕಿಟಕಿಯಿಂದ ನೋಡಿದೆ. ದಾರದ ತುದಿಗೆ ಕಲ್ಲು ಇಟ್ಟು ಒಬ್ಬರೇ ಎಳೆಯುತ್ತಿದ್ದರು.

ಜುಲೈ 17, ಬುಧವಾರ. ಆಸ್ಪತ್ರೆ

ಮೂರು ದಿನದಿಂದ ಬರೆಯಲು ಕೈ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಅಕ್ಕನಿಗೆ ಉಸಿರು ಕಟ್ಟಿತು. ಶನಿವಾರದ ಡಯಾಲಿಸಿಸ್ ಆದರೆ ಮತ್ತೆ ಮಂಗಳವಾರವೇ. ಈ ಅಂತರದಲ್ಲೇ ನೀರು ತುಂಬಿಕೊಳ್ಳುವುದು. ನಾನು ಮನೆ ಬಿಟ್ಟು ಸ್ವಲ್ಪ ಹೊತ್ತಿಗೇ ಶುರುವಾಯಿತಂತೆ. ಮಲಗಲು ಆಗುತ್ತಿಲ್ಲ, ಮಾತು ಬರುತ್ತಿಲ್ಲ.

ಕಾರು ಬಾಗಿಲಲ್ಲೇ ಇತ್ತು. ಕೀ ನನ್ನ ಜೇಬಿನಲ್ಲಿ, ಸ್ಟಾಫ್ ರೂಮಿನ ಕೀ ಜೊತೆ. ಫೋನ್ ಮಂಚದ ಮೇಲೆ.

ಭಾವ ಪಾರ್ಕಿಗೆ ಓಡಿದರು. ಅವರಿಗೆ ಮಂಡಿ ನೋವು, ಪುಸ್ತಕದ ಬೈಂಡಿಂಗ್ ಕೆಲಸದಲ್ಲಿ ಕೂತು ಕೂತು ಬಂದದ್ದು. ಚಪ್ಪಲಿಯಲ್ಲಿ ಎರಡು ಸುತ್ತು ಓಡಿದರಂತೆ, ನನ್ನ ಹೆಸರು ಹಿಡಿದು ಕೂಗುತ್ತ. ಅಜ್ಜ ಅಜ್ಜಿಯನ್ನು ನಿಲ್ಲಿಸಿ ಕೇಳಿದರಂತೆ — ದಪ್ಪಗಿದ್ದಾರೆ, ಬಿಳಿ ಶೂ. ಅಂಥವರು ಒಂದೇ ದಿನ ಬಂದಿದ್ದರು, ಆಮೇಲೆ ನೋಡಿಲ್ಲ ಎಂದರಂತೆ. ಇವಳು ಅಷ್ಟರಲ್ಲಿ ಪಕ್ಕದ ಮನೆಯವರನ್ನು ಎಬ್ಬಿಸಿ ಟ್ಯಾಕ್ಸಿ ಹಿಡಿದಳು.

ನಾನು ಆರೂವರೆಗೆ ಮನೆಗೆ ಬಂದೆ. ಕತ್ತಿಗೆ ನೀರು ಚಿಮುಕಿಸಿಕೊಂಡು. ಬಾಗಿಲು ಹಾರು ಹೊಡೆದಿತ್ತು. ಅಕ್ಕನ ಒಂದು ಚಪ್ಪಲಿ ಬೀದಿಯಲ್ಲಿ ಬಿದ್ದಿತ್ತು.

ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮೆಷಿನ್‌ಗೆ ಹಾಕಿದ್ದರು. ಮಧ್ಯಾಹ್ನದ ಹೊತ್ತಿಗೆ ಉಸಿರು ಸರಿಹೋಯಿತು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ನರ್ಸ್ ಏನೋ ಹೇಳಲು ಹೊರಟು ನಿಲ್ಲಿಸಿದರು.

ಭಾವ ಕಾರಿಡಾರಿನ ಬೆಂಚಿನ ಮೇಲಿದ್ದರು. ಪಕ್ಕದಲ್ಲಿ ಕೂತೆ. “ಪಾರ್ಕಲ್ಲಿ ನೀನಿರ್ಲಿಲ್ಲ” ಎಂದರು.

“ಇಲ್ಲ ಭಾವ.”

ಎಲ್ಲಿದ್ದೆ ಎಂದು ಕೇಳುತ್ತಾರೆ ಎಂದು ಕಾದೆ. ಕೇಳಿದರೆ ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡೆ. ಬೈದರೆ ಬೈಸಿಕೊಳ್ಳೋಣ, ಹೊಡೆದರೂ ಹೊಡೆಸಿಕೊಳ್ಳೋಣ.

“ಟೀ ಕುಡೀತೀಯಾ?” ಎಂದರು.

ಅವರೇ ಕುಂಟುತ್ತ ಹೋಗಿ ತಂದರು. ನಾನು ಅದನ್ನು ಕುಡಿದೆ.

ಜುಲೈ 20, ಶನಿವಾರ

ಅಕ್ಕ ಮನೆಗೆ ಬಂದಳು. ಹೊರಡುವ ಮೊದಲು ಡಾಕ್ಟರು ನನ್ನನ್ನೂ ಕರೆದರು. ಭಾವನೂ ಜೊತೆಗಿದ್ದರು. “ನಿಮ್ಮ ತೂಕ ನೋಡ್ಬಿಡೋಣ. ಇನ್ನು ಕಾಯ್ಸೋದು ಒಳ್ಳೇದಲ್ಲ.”

ತಕ್ಕಡಿ ಹತ್ತಿದೆ. ಇಳಿದಿಲ್ಲ. ಎರಡು ಕೆಜಿ ಏರಿದೆ.

“ತಕ್ಕಡಿ ಸರಿ ಇಲ್ಲ ಅನ್ಸತ್ತೆ ಡಾಕ್ಟ್ರೇ. ನೋಡಿ, ಪ್ಯಾಂಟ್ ಎಲ್ಲ ಸಡಿಲ ಆಗಿದೆ” ಎಂದು ಸೊಂಟದ ಹತ್ತಿರ ಎಳೆದು ತೋರಿಸಿದೆ. ಮೂರು ಬೆರಳು ಹೋಗುವಷ್ಟು ಸಡಿಲ. ಇದು ಸುಳ್ಳಲ್ಲ, ನಾನು ನಿಜವಾಗಿ ನಂಬಿದ್ದೆ. ಡಾಕ್ಟರು ಇನ್ನೊಂದು ಕೋಣೆಯ ತಕ್ಕಡಿಗೆ ಕರೆದುಕೊಂಡು ಹೋದರು. ಅಲ್ಲೂ ಅಷ್ಟೇ.

ಭಾವ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು.

ಜುಲೈ 21, ಭಾನುವಾರ

ಬೆಳಿಗ್ಗೆ ಬೂದು ಪ್ಯಾಂಟನ್ನು ಮಂಚದ ಮೇಲೆ ಹರಡಿ ಒಳಗು ಮಾಡಿ ನೋಡಿದೆ.

ಸೊಂಟದ ಹಿಂಬದಿಯಲ್ಲಿ ನಡುವಿನ ಹೊಲಿಗೆ ಹೊಸದು. ಹೊಸ ದಾರ. ಅದರ ಪಕ್ಕದಲ್ಲಿ ಹಳೆಯ ಹೊಲಿಗೆಯ ಸಣ್ಣ ಸಣ್ಣ ತೂತುಗಳ ಸಾಲು. ಎರಡರ ನಡುವೆ ಒಂದು ಪಟ್ಟಿಯಷ್ಟು ಬಟ್ಟೆ ಕಡು ಬೂದು, ಹೊಸದರ ಹಾಗೆ. ಇಷ್ಟು ದಿನ ಒಳಗೆ ಮಡಚಿಕೊಂಡಿತ್ತು. ಬಿಸಿಲು, ಸೋಪು ಏನೂ ತಾಗಿರಲಿಲ್ಲ.

ಕಂದು ಪ್ಯಾಂಟ್ ನೋಡಿದೆ. ಅದೂ. ನೀಲಿ. ಅದೂ.

ಇಷ್ಟು ಸಣ್ಣ ಹೊಲಿಗೆ ಈ ಬೀದಿಯಲ್ಲಿ ಒಬ್ಬಳೇ ಹಾಕುವುದು.

ಮಂಚದ ಮೇಲೆ ಕೂತೆ. ಇವಳು ಬಂದು ಏನಾಯಿತು ಎಂದಳು. ಅವಳಿಗೂ ಗೊತ್ತಿರಲಿಲ್ಲ. ಎಲ್ಲ ಹೇಳಿದೆ — ಸ್ಟಾಫ್ ರೂಮು, ಬಿಸ್ಕತ್ತು, ನಲ್ಲಿಯ ನೀರು. “ಕತ್ತು ಒರೆಸ್ಕೊಳ್ಳೋಕೆ ಟವೆಲ್ ಬೇರೆ ಕೊಡ್ತಿದ್ನಲ್ರೀ ನಾನು!” ಎಂದು ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದು ಜೋರಾಗಿ ಕೇಳಿತು.

ಕೆಳಗೆ ಹೋದೆ. ಅಕ್ಕ ಮೆಷಿನ್ ಮುಂದೆ ಸುಮ್ಮನೆ ಕೂತಿದ್ದಳು. ತುಳಿಯಲು ಇನ್ನೂ ಶಕ್ತಿ ಬಂದಿಲ್ಲ. ಪ್ಯಾಂಟನ್ನು ಅವಳ ಮುಂದಿಟ್ಟೆ, ಒಳಮೈ ಮೇಲೆ ಮಾಡಿ.

“ಕಂಡ್ತಾ?” ಎಂದಳು.

“ಯಾಕೆ ಅಕ್ಕ?”

“ಯಾಕಂದ್ರೆ? ಗುಂಡಿ ಕಿತ್ತು ಹಾರಿ ಮೊದಲ ಬೆಂಚಿನ ಹುಡುಗನ ಕಣ್ಣಿಗೆ ಬಡಿದ್ರೆ? ಆ ಮಕ್ಕಳು ನಿನ್ನ ಸುಮ್ನೆ ಬಿಡ್ತಾರಾ?”

ನಗಿಸಲು ನೋಡಿದಳು. ನಗು ಬರಲಿಲ್ಲ, ಇಬ್ಬರಿಗೂ.

“ನಾನು ನಡೀತಿಲ್ಲ ಅಂತ ನಿಂಗೆ…”

“ಶೂ ಅಡಿ ನೋಡಿದೀನಿ ಕಣೋ. ಮೆಟ್ಟಿಲ ಮೇಲೆ ಬಿಟ್ಟಿರ್ತೀಯಲ್ಲ. ನಡು ಗುಳೀಲಿ ಅಂಗಡಿಯವ್ರು ಅಂಟ್ಸಿದ ಚೀಟಿ ಇನ್ನೂ ಹಾಗೇ ಇದೆ.” ಪ್ಯಾಂಟಿನ ಕಡು ಪಟ್ಟಿಯ ಮೇಲೆ ಬೆರಳು ಆಡಿಸಿದಳು. “ಇಸ್ತ್ರಿಗೆ ಬಂದಾಗ ಗುಂಡಿಮನೆ ಹರಿದಿತ್ತು. ಇವನು ಇಳೀತಿಲ್ಲ, ಏರ್ತಿದ್ದಾನೆ ಅಂತ ಗೊತ್ತಾಯ್ತು. ಪ್ಯಾಂಟ್ ಬಿಗಿಯಾಗಿದ್ರೆ ನಿನ್ನ ಹೆಂಡ್ತಿಗೆ ಕಾಣತ್ತೆ, ನಿಮ್ ಭಾವನಿಗೆ ಕಾಣತ್ತೆ. ನಾಲ್ಕು ಜನ ನಾಲ್ಕು ಮಾತಾಡ್ತಾರೆ. ಬಿಡಿಸ್ದೆ.”

“ನನ್ನ ಮೇಲೆ ಕೋಪ ಇಲ್ವಾ?”

“ಇಲ್ದೆ ಏನು? ನೀನು ಕೊಡಲ್ಲ ಅಂತ ಕೋಪ ಇಲ್ಲ. ಅದು ನಿನ್ ಮೈ. ದಿನಾ ನನ್ನ ಬಾಗಿಲ ಮುಂದೆ ಶೂ ಕಟ್ಕೊಂಡು, ನನ್ನ ಕೈಲಿ ನೀರು ಇಸ್ಕೊಂಡು ಕುಡಿದು ಹೋಗ್ತಿದ್ದೆಯಲ್ಲ — ಆ ನೀರಿಗೆ ಕೋಪ.”

ತಲೆ ಎತ್ತಲು ಆಗಲಿಲ್ಲ. ಅವಳ ಕೈ ಮಾತ್ರ ಕಾಣುತ್ತಿತ್ತು. ಸೂಜಿ ಹಾಕಿ ಹಾಕಿ ಗಂಟು ಗಂಟಾದ ಕೈ.

“ಬೇಡ ಅಂದ್ರೆ ಬಾಯಿಬಿಟ್ಟು ಹೇಳು. ಹೊಟ್ಟೆ ಕೈಲಿ ಹೇಳಿಸ್ಬೇಡ.”

“ಹೆದರಿಕೆ ಅಕ್ಕ.”

ಆ ಮಾತನ್ನು ಮೊದಲ ಸಲ ಬಾಯಿಂದ ಆಡಿದೆ. ಬಹಳ ಸಣ್ಣ ಮಾತು. ಇದಕ್ಕೆ ಇಷ್ಟು ದಿನ ಬೇಕಾಯಿತು.

“ನಂಗಿಲ್ವಾ?” ಎಂದಳು. “ಹೆದರ್ಕೊಂಡೇ ಹೋಗ್ತೀನಿ ವಾರಕ್ಕೆ ಮೂರು ಸಲ.”

ಪ್ಯಾಂಟನ್ನು ನೀಟಾಗಿ ಮಡಚಿ ನನ್ನ ತೊಡೆಯ ಮೇಲಿಟ್ಟಳು.

“ಏನಾದ್ರೂ ಮಾಡ್ಕೋ. ಇನ್ನು ನನ್ ಕೈಲಾಗಲ್ಲ. ಬಿಡಿಸೋಕೆ ಒಳಗೆ ಬಟ್ಟೇನೇ ಉಳಿದಿಲ್ಲ ಕಣೋ.”

ಜುಲೈ 22, ಸೋಮವಾರ

ಟೈಮ್‌ಟೇಬಲ್ ತಿದ್ದಿದೆ. ಪಿ.ಟಿ. ಪೀರಿಯಡ್ ಎರಡನ್ನೂ ವಾಪಸ್ ಕೊಟ್ಟೆ. ಪೀಪಿ ಸರ್ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಮೈ ಹುಷಾರಿದೆಯಾ ಮೇಷ್ಟ್ರೇ?” ಎಂದರು.

ಇಲ್ಲ ಎಂದೆ.

ಜುಲೈ 23, ಮಂಗಳವಾರ

ಶಾಲೆ ಮುಗಿಸಿ ಆಸ್ಪತ್ರೆಗೆ ಹೋದೆ. ಅಕ್ಕ ಒಳಗೆ ಮೆಷಿನ್ ಮೇಲಿದ್ದಳು. ಭಾವ ಎಂದಿನ ಬೆಂಚಿನಲ್ಲಿ. ಮೊದಲು ಅವರ ಮುಂದೆ ನಿಂತೆ. ಆ ಬೆಳಿಗ್ಗೆ ಎಲ್ಲಿದ್ದೆ ಎಂದು ಅವರು ಕೇಳದಿದ್ದರೂ ಹೇಳಿದೆ. ಭಾವ ಕನ್ನಡಕ ತೆಗೆದು ಒರೆಸಿದರು. “ಎರಡನೇ ಸುತ್ತಲ್ಲಿ ಅಂದ್ಕೊಂಡೆ, ಇವನು ಎಲ್ಲೋ ಬಿದ್ದಿದ್ದಾನೆ, ಏನೋ ಆಗಿದೆ ಇವ್ನಿಗೆ ಅಂತ. ಹುಡುಕ್ದೆ ನಿನ್ನ, ಪೊದೆ ಹಿಂದೆ ಎಲ್ಲ.”

ಅಕ್ಕ ಒಂದು ಕಡೆ ಉಸಿರಿಗೆ ಒದ್ದಾಡುತ್ತಿರುವಾಗ ಈ ಮನುಷ್ಯ ನನ್ನನ್ನು ಪೊದೆಯ ಹಿಂದೆ ಹುಡುಕಿದ್ದಾನೆ. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಆಮೇಲೆ ಕೌನ್ಸೆಲರ್ ಮೇಡಂ ಹತ್ತಿರ ಹೋದೆ. ಬಾಗಿಲು ನಾನೇ ಹಾಕಿದೆ. ಕೊಡಬೇಕು ಅನ್ನಿಸುತ್ತದೆ, ಕೊಡುವುದಕ್ಕೆ ಹೆದರಿಕೆ, ಬೇಡ ಎನ್ನುವುದಕ್ಕೂ ಹೆದರಿಕೆ ಎಂದೆ. ಎದೆ ತಟ್ಟಿಕೊಳ್ಳಲಿಲ್ಲ. ಅವರು ಪ್ಲಾಸ್ಟಿಕ್ ಕಿಡ್ನಿಯನ್ನು ಪಕ್ಕಕ್ಕೆ ಸರಿಸಿ ನೀರು ಕೊಟ್ಟರು. “ಇವತ್ತು ಉತ್ತರ ಬೇಡ. ನಿಮ್ಗೆ ನಿಜವಾಗ್ಲೂ ಆಯ್ಕೆ ಇರ್ಬೇಕು ಅಂದ್ರೆ ಮೊದಲು ತೂಕ ಇಳಿಸ್ಕೊಳ್ಳಿ. ಆಗ ಹೌದು ಅಂದ್ರೂ ನಿಮ್ಮದು, ಇಲ್ಲ ಅಂದ್ರೂ ನಿಮ್ಮದು.”

ಹೊರಗೆ ಬಂದಾಗ ಅಕ್ಕನಿಗೆ ಇನ್ನೂ ಒಂದು ಗಂಟೆ ಬಾಕಿ ಇತ್ತು. ಸಾಮಾನ್ಯವಾಗಿ ಶನಿವಾರ ಕರೆದುಕೊಂಡು ಬಂದಾಗ ಕಾರಿನ ಸೀಟು ಹಿಂದಕ್ಕೆ ಬೀಳಿಸಿ ಮಲಗುತ್ತೇನೆ. ಇವತ್ತು ಮಲಗಲು ಆಗಲಿಲ್ಲ. ಕಟ್ಟಡದ ಸುತ್ತ ಒಂದು ದಾರಿಯಿದೆ — ಆಂಬ್ಯುಲೆನ್ಸ್ ನಿಲ್ಲುವ ಜಾಗ, ಬಟ್ಟೆ ಒಗೆಯುವ ಕೋಣೆ, ಜನರೇಟರ್, ಕ್ಯಾಂಟೀನಿನ ಹಿಂಬದಿ. ನಡೆದೆ. ಶಾಲೆಯ ಪ್ಯಾಂಟು, ಶಾಲೆಯ ಚಪ್ಪಲಿ. ಹೊತ್ತು ನೋಡಲಿಲ್ಲ.

ಜುಲೈ 25, ಗುರುವಾರ

ಮತ್ತೆ ಅದೇ ಹೊತ್ತು. ಶೂ ತಂದಿದ್ದೆ. ಚೀಟಿ ಕಿತ್ತು ಹಾಕಿದೆ.

ಬೆಂಚುಗಳ ತುಂಬ ಜನ. ಒಳಗಿರುವವರಿಗಾಗಿ ಕಾಯುವವರು. ಎಲ್ಲರೂ ನೋಡುತ್ತಾರೆ, ಇಷ್ಟು ದಪ್ಪ ಮನುಷ್ಯ ಯಾಕೆ ಸುತ್ತುತ್ತಿದ್ದಾನೆ ಎಂದು. ಕಾವಲಿನವನು ಎರಡು ಸಲ ನಿಲ್ಲಿಸಿ ಯಾವ ವಾರ್ಡು ಬೇಕು ಎಂದು ಕೇಳಿದ. ಬೆವರು, ಇವತ್ತು ನಿಜವಾದದ್ದು, ಕಣ್ಣಿಗೆ ಇಳಿದು ಉರಿಯಿತು. ನಾಚಿಕೆ ಹೋಗಿಲ್ಲ. ಅದನ್ನೂ ಜೊತೆಗೆ ಕರೆದುಕೊಂಡೇ ಸುತ್ತಿದೆ.

ಜನರೇಟರ್ ದಾಟಿದರೆ ಡಯಾಲಿಸಿಸ್ ವಾರ್ಡಿನ ಕಿಟಕಿ ಬರುತ್ತದೆ. ನೆಲಮಹಡಿ. ಮೂರನೇ ಹಾಸಿಗೆ ಅಕ್ಕನದು. ನಾನು ಹೋಗುವುದನ್ನು ನೋಡಿದಳು. ಮೊದಲ ಸಲ ಮುಖ ತಿರುಗಿಸಿಕೊಂಡಳು. ಎರಡನೇ ಸಲವೂ. ಆಮೇಲೆ ತಿರುಗಿಸಲಿಲ್ಲ.

ಅಲ್ಲಿ ಸುಳ್ಳು ಲೆಕ್ಕ ಹೇಳಲು ಬರುವುದಿಲ್ಲ. ಪ್ರತಿ ಸುತ್ತಿಗೂ ಆ ಕಿಟಕಿ.

ಜುಲೈ 27, ಶನಿವಾರ. ಸಂಜೆ 4. ಕಿಟಕಿ ಎದುರಿನ ಕಟ್ಟೆ

ಬಣ್ಣದ ಚಾರ್ಟ್ ಹರಿದು ಹಾಕಿದೆ ಬೆಳಿಗ್ಗೆ. ಅವಳ ರಕ್ತ ಮೆಷಿನ್‌ನಲ್ಲಿ ಸುತ್ತುವಷ್ಟು ಹೊತ್ತು ನಾನು ಕಟ್ಟಡ ಸುತ್ತುವುದು. ವಾರಕ್ಕೆ ಮೂರು ದಿನ, ಶನಿವಾರ ಪೂರ್ತಿ. ಒಳ್ಳೆಯ ಹೊತ್ತೋ ಕೆಟ್ಟ ಹೊತ್ತೋ ಗೊತ್ತಿಲ್ಲ. ಇಳಿಬಿಸಿಲು ಕೆನ್ನೆ ಸುಡುತ್ತಿದೆ.

ಕೊಡುತ್ತೇನೋ ಇಲ್ಲವೋ, ಅದೂ ಗೊತ್ತಿಲ್ಲ. ಪಕ್ಕೆಯೊಳಗೆ ಆ ತಣ್ಣಗಿನದು ಹಾಗೇ ಇದೆ. ಆದರೆ ಇಲ್ಲ ಎನ್ನುವುದಾದರೆ ಇನ್ನು ನಾನೇ ಎನ್ನಬೇಕು, ಅವಳ ಮುಖ ನೋಡಿ. ಹೊಟ್ಟೆ ಕರಗಿದ ಮೇಲೆ ಬಚ್ಚಿಟ್ಟುಕೊಳ್ಳಲು ಜಾಗ ಇರುವುದಿಲ್ಲ.

ಐದನೇ ಸುತ್ತಿಗೆ ಏದುಸಿರು ಬಂತು. ಎರಡು ನಿಮಿಷ ಎಂದು ಕೂತು ಬರೆಯುತ್ತಿದ್ದೇನೆ. ಎರಡು ನಿಮಿಷ ದಾಟಿರಬೇಕು. ಗಾಜಿನ ಮೇಲೆ ಟಕ್ ಟಕ್ ಎಂದು ಸದ್ದು. ಅಕ್ಕ ನರ್ಸ್ ಕೈಯಿಂದ ಕಿಟಕಿ ತಟ್ಟಿಸುತ್ತಿದ್ದಾಳೆ. ಅಕ್ಕ ದಿಂಬಿನಿಂದ ತಲೆ ಎತ್ತಿದ್ದಾಳೆ, ಸೂಜಿ ಇಲ್ಲದ ಕೈ ಆಡಿಸುತ್ತಿದ್ದಾಳೆ — ಏಳು, ಏಳೋ ಎಂದು. ಬಾಯಿ ನೋಡಿದರೆ ಬೈಯುತ್ತಿರುವ ಹಾಗಿದೆ, ನಗುತ್ತಿರುವ ಹಾಗೂ… ಗಾಜು ಅಡ್ಡ, ಸರಿಯಾಗಿ ಕಾಣುತ್ತಿಲ್ಲ. ಹತ್ತಿರ ಹೋಗಿ ನೋಡುತ್ತೇನೆ. ಆರನೇ ಸುತ್ತು.